ಆರು

ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ.
ಬರುತ್ತಿದ್ದದ್ದು ಹತ್ತು ಅಂಕಿ.
ಅದೂ ಕಾಗದದ ಮೇಲಲ್ಲ,
ತೊಗಟೆ ಸುಲಿದ ಕಾರ್ಕ್ ಓಕ್ ಮರದ
ಕೆಂಪು ಹಸಿ ಮೈಮೇಲೆ,
ಸುಣ್ಣದಂಥ ಬಿಳಿ ಬಣ್ಣ, ಹೆಬ್ಬೆರಳಗಲದ ಕುಂಚ.

ಇಸವಿಯ ಕೊನೆಯ ಅಂಕಿ ಒಂದೇ ಸಾಕು.
ಒಂಬತ್ತು ವರ್ಷ ಈ ಮರವನ್ನು ಯಾರೂ ಮುಟ್ಟಬಾರದು
ಎಂದು ಅದರ ಅರ್ಥ.
ಅಲೆಂತೇಜುವಿನಲ್ಲಿ ಇದು ಮಕ್ಕಳಿಗೂ ಗೊತ್ತು.

ಒಂಬತ್ತು ಕಳೆದು ಮತ್ತೆ ಬಂದು ಸುಲಿದರೆ
ಎಂಟಿದ್ದಲ್ಲಿ ಏಳು, ಏಳಿದ್ದಲ್ಲಿ ಆರು.
"ನಮಗೆ ಏರುತ್ತೆ, ಮರಕ್ಕೆ ಇಳಿಯುತ್ತೆ"
ಅನ್ನುತ್ತಿದ್ದ, ಟೋಪಿ ಹಿಂದಕ್ಕೆ ಸರಿಸಿ,
ಗಣಿತವನ್ನು ತಾನೇ ಕಂಡುಹಿಡಿದವನ ಹಾಗೆ.

ಅವನು ಹೋದದ್ದು ಹದಿನೇಳರ ಜನವರಿಯಲ್ಲಿ.
ಆ ಬೇಸಿಗೆ ಅವನ ಎಂಟುಗಳನ್ನು ಸುಲಿದೆವು.
ಮರುವರ್ಷ ಒಂಬತ್ತು. ಆಮೇಲೆ ಸೊನ್ನೆ.
(ಅವನ ಸೊನ್ನೆ ಎಂದೂ ಪೂರಾ ಮುಚ್ಚುತ್ತಿರಲಿಲ್ಲ,
ಅಗುಳಿ ಹಾಕಲು ಮರೆತ ಕೋಳಿಗೂಡು.)
ಒಂದು. ಎರಡು.
ವರ್ಷಕ್ಕೊಂದು ತೋಪು, ತೋಪಿಗೊಂದು ಅಂಕಿ,
ಅವನ ಕೈಬರಹ ಲಾರಿ ಹತ್ತಿ ಹೋಗುತ್ತಿತ್ತು.
ಆಗ ಯಾರಿಗೂ ಹೊಳೆಯಲಿಲ್ಲ.
ಲಾರಿಯವನಿಗೆ ಅವಸರ, ನಮಗೆ ಬಾಯಾರಿಕೆ.

ಈ ಸಲ ಉಳಿದದ್ದು ಆರು ಮಾತ್ರ.
ಹೊಳೆಯಾಚೆಯ ಇಳಿಜಾರು, ನಲವತ್ತೊಂದು ಮರ.

ಬೆಲ್ಮೀರು ದೊಡ್ಡಪ್ಪ ಎತ್ತಿದ ಕೊಡಲಿ ಇಳಿಸಿದ.
"ಇದು ಅಪ್ಪ ಬರೆದದ್ದಲ್ಲ.
ಅಪ್ಪನ ಆರಕ್ಕೆ ಇಷ್ಟು ಹೊಟ್ಟೆ ಇರಲಿಲ್ಲ."
"ಹೊಟ್ಟೆ ಮರದ್ದು," ಅಂದಳು ಜುದೀತ್ ಅತ್ತೆ.
"ಒಂಬತ್ತು ವರ್ಷ ಅದೂ ಬೆಳೆದಿದೆ, ಆರನ್ನೂ ಹಿಗ್ಗಿಸಿದೆ.
ಬಾಲ ನೋಡು. ನಡುಗಿದ್ದು ಅಪ್ಪನ ಕೈ."

ನನ್ನಪ್ಪ ಏನೂ ಹೇಳಲಿಲ್ಲ.
ಕೊಡಲಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದ.
ಟೊಳ್ಳು ಸದ್ದು ಬಂದರೆ ತೊಗಟೆ ಬಿಡುತ್ತದೆ,
ಗಟ್ಟಿ ಸದ್ದಾದರೆ ಮರ ಇನ್ನೂ ಹಿಡಿದುಕೊಂಡಿದೆ,
ಬಲವಂತ ಬೇಡ, ನಾಳೆ ಬಾ —
ಕಲಿಸಿದವನು ಅಜ್ಜ.
ಟೊಳ್ಳೇ ಬಂತು.
ಅಪ್ಪ ಮತ್ತೊಮ್ಮೆ ತಟ್ಟಿದ.

ಎರ್ಮೆಲಿಂಡಜ್ಜಿ ಪೆಟ್ಟಿಗೆ ಬೋರಲು ಹಾಕಿ ಕೂತು
ಬೆಳ್ಳುಳ್ಳಿ ಬಿಡಿಸುತ್ತಿದ್ದಳು, ಮಧ್ಯಾಹ್ನದ ರೊಟ್ಟಿಸಾರಿಗೆ.
"ಐವತ್ತೊಂಬತ್ತರಲ್ಲಿ ನಮ್ಮ ಮದುವೆ.
ಇಗರ್ಜಿಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ ಅಬೀಲಿಯು,
ಒತ್ತಿ, ಪಕ್ಕದಲ್ಲಿ ಒಂದು ಒಂಬತ್ತು ಬರೆದ.
ಪಾದ್ರಿಗೆ ಕೋಪ ಬಂತು.
ನನಗೆ ಬೇರೆಯೇ ಭಯ:
ಇನ್ನು ಒಂಬತ್ತು ವರ್ಷ ಈ ಮಾರಾಯ
ನನ್ನನ್ನು ಮುಟ್ಟುವುದಿಲ್ಲವೋ ಏನೋ!"
ಹೇಳಿ, ಬೆಳ್ಳುಳ್ಳಿಯ ಕೈಯಲ್ಲೇ ಕಣ್ಣು ಒರೆಸಿಕೊಂಡು
ಉರಿ ತಾಳದೆ ಬೈದಳು,
ಅಜ್ಜನನ್ನೋ, ಬೆಳ್ಳುಳ್ಳಿಯನ್ನೋ.

ತೊಮೆಗೆ ಹನ್ನೊಂದು, ಅಜ್ಜನ ಮುಖ ಸರಿಯಾಗಿ ನೆನಪಿಲ್ಲ.
"ಅಜ್ಜನ ಆರು ಯಾವುದಾದರೂ ಸೀಸೆಗೆ
ಬಿರಡೆಯಾಗುತ್ತೆ ಅಲ್ವಾ?" ಕೇಳಿದ.
ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಅತ್ತೆಗೆ
ಸುಳ್ಳು ಹೇಳಲು ಬರುವುದಿಲ್ಲ.
"ಇಲ್ಲ ಮಗು. ಹೊರಮೈ ಕೆತ್ತಿ ತೆಗೆಯುತ್ತಾರೆ,
ಪುಡಿ ಮಾಡಿ ನೆಲದ ಹಲಗೆ ಒತ್ತುತ್ತಾರೆ."
ಎಲ್ಲರೂ ಸುಮ್ಮನಾದೆವು.
ಅಜ್ಜಿಯೇ ಅಂದಳು: "ಒಳ್ಳೆಯದಾಯಿತು.
ಅವನಿಗೆ ವೈನು ಸೇರುತ್ತಿರಲಿಲ್ಲ.
ಯಾರದೋ ಕಾಲು ಬೆಚ್ಚಗಿರಲಿ."

ಸಂಜೆಗೆ ನಲವತ್ತೊಂದೂ ಮರ ಬತ್ತಲೆ.
ಬಣ್ಣದ ಡಬ್ಬಿ ನನ್ನ ಕೈಗೆ ಬಂತು,
ಕೇಳಿ ಬಂದದ್ದಲ್ಲ, ಉಳಿದವರ ಕೈ ಸೋತಿತ್ತು.
ಅವನದೇ ಕುಂಚ. ಕಲ್ಲಾಗಿತ್ತು,
ರಾತ್ರಿಯಿಡೀ ಟರ್ಪೆಂಟೈನಿನಲ್ಲಿ ನೆನೆಸಿಟ್ಟಿದ್ದೆ.
ಇಪ್ಪತ್ತೈದರ ಐದು.
ನನ್ನ ಮೊದಲ ಐದು ವಾಲಿತು, ಸೋರಿತು,
ಮೊಣಕಾಲಿನವರೆಗೆ ಬಿಳಿ ಗೆರೆ ಇಳಿಯಿತು.
ಇಷ್ಟು ಓದಿಯೂ ಇದೇನಾ, ಅಂದ ದೊಡ್ಡಪ್ಪ.

ಹತ್ತಿರ ಬಂದು ಬೆರಳು ಚಾಚಿದಳು ಅಜ್ಜಿ.
"ಮುಟ್ಟಬೇಡ," ಅಂದೆ,
"ಇನ್ನೂ ಆರಿಲ್ಲ."