ಚಿಲ್ಲರೆ

ಹನ್ನೊಂದನೇ ದಿನ. ಡೆಂಗಿ ಅಲ್ಲ,
ಟೈಫಾಯಿಡ್ ಅಲ್ಲ, ಇಲಿಜ್ವರವೂ ಅಲ್ಲವಂತೆ.
ಒಂದೊಂದು ಅಲ್ಲಕ್ಕೂ ಒಂದೊಂದು ಚೀಟಿ ಹರಿದು ಕೊಡುತ್ತಾರೆ,
ನಾನು ಬಸ್ಸಿನಲ್ಲಿ ಹರಿದಂತೆಯೇ.
ಇಳಿಯುವುದೆಲ್ಲಿ, ಅದು ಮಾತ್ರ ಬರೆದಿಲ್ಲ.

ನಾಲ್ಕೂವರೆಗೆ ಜ್ವರ ಹತ್ತುತ್ತದೆ
ಪಾಸು ಇರುವವರ ಗತ್ತಿನಲ್ಲಿ.
ಮಡಿಕೇರಿಯ ಮಂಜು ಆಗಲೇ ವಾರ್ಡಿನ ಗಾಜಿಗೆ ಬಂದಿರುತ್ತದೆ.
ನರ ಸಿಗದೆ ಸಿಸ್ಟರ್ ಮೇರ್ಸಿ
ನನ್ನ ಮುಂಗೈ ತಟ್ಟುತ್ತಾರೆ,
ಸ್ಕೂಲಿಗೆ ಹೊತ್ತಾದ ಮಗುವನ್ನು ಎಬ್ಬಿಸುವ ಹಾಗೆ.

ಪಕ್ಕದ ಚಿಟ್ಟಿಯಪ್ಪನವರದು ಆನೆ ತುಳಿದ ಕಾಲು.
ಬಂದವರೆಲ್ಲ ಕಿತ್ತಳೆ ಸುಲಿಯುತ್ತ
ಮತ್ತೆ ಮತ್ತೆ ಕೇಳುತ್ತಾರೆ: ಒಂಟಿಯಾ? ಕೊಂಬಿತ್ತಾ?
ನನ್ನನ್ನು, "ಏನಂತೆ?"
"ನೋಡುತ್ತಿದ್ದಾರೆ."
ದೇವರಾಣೆ, ಆ ಕಾಲಿನ ಮೇಲೆ ನನಗೆ ಹೊಟ್ಟೆಕಿಚ್ಚು.

ಹೇಮಾವತಿ ಗುಳಿಗನಿಗೆ ಹರಕೆ ಹೊತ್ತಳಂತೆ;
ಕಾಯಿಲೆಯ ಹೆಸರು ಹೇಳಲಾಗದೆ
"ಅದು ಹೋಗಲಿ" ಎಂದಳಂತೆ.

ರಾತ್ರಿ ಎರಡಕ್ಕೆ ನನ್ನ ಬಾಯಿ ತಾನೇ ಕೂಗಿತು:
ಬಿಟ್ಟಂಗಾಲ, ಹಾತೂರು, ಕೈಕೇರಿ...
ಕತ್ತಲಲ್ಲಿ ಚಿಟ್ಟಿಯಪ್ಪ ಕೆಮ್ಮಿ, "ಕಂಡಕ್ಟ್ರೇ,
ಗೋಣಿಕೊಪ್ಪ ಒಂದು."
ಚಿಲ್ಲರೆ ಇಲ್ಲ ಎಂದೆ.
"ನಾಳೆ ಕೊಡಿ. ಇಬ್ಬರೂ ಇಲ್ಲೇ ಇರುತ್ತೇವಲ್ಲ."