ಕಬ್ಬಿಣದ ಕಡಲೆ

ಬುಧವಾರ ಸಂಜೆ ಆರೂವರೆ. ಪೋರ್ಟ್ ಟಾಲ್ಬಟ್ ಲೈಬ್ರರಿಯ
ಮೇಲಿನ ಕೋಣೆ, ಒಂಬತ್ತು ಕುರ್ಚಿ, ಕೆಟ್ಟ ಹೀಟರು.
ದೊಡ್ಡ ನಕ್ಷತ್ರ ಸಾಯುವ ಬಗೆ ನನ್ನ ಪಾಠ.
ಪಾಠಕ್ಕೆಂದೇ ಬಂದವರು ನಾಲ್ವರು,
ಮಳೆ ನಿಲ್ಲಲೆಂದು ಬಂದವರು ಇಬ್ಬರು.
ಮುಂದಿನ ಸಾಲಲ್ಲಿ ಇಡ್ವಾಲ್ ಪ್ರಾಸರ್:
ಮೂವತ್ತೆಂಟು ವರ್ಷ ಊದುಕುಲುಮೆಯ ಬಾಯಿ ಕಾದವನು,
ಅಲ್ಲಿ ಸುಟ್ಟ ಹುಬ್ಬು ಮತ್ತೆ ಚಿಗುರಲಿಲ್ಲ.

ನಕ್ಷತ್ರವೆಂದರೆ ಒಂದು ಜಟಾಪಟಿ, ಎಂದೆ.
ಮೈಭಾರ ಒಳಕ್ಕೆ ಅದುಮುತ್ತದೆ,
ಒಡಲ ಬೆಂಕಿ ಹೊರಕ್ಕೆ ಒದೆಯುತ್ತದೆ.
ಇಬ್ಬರೂ ಸೋಲದಷ್ಟು ಕಾಲ ಅದು ಉರಿಯುತ್ತದೆ.

‘ಒಲೆಗೇನು ಹಾಕುತ್ತಾರೆ?’ ಇಡ್ವಾಲ್ ಕೇಳಿದ.

ಮೊದಲು ಜಲಜನಕ.
ಇಪ್ಪತ್ತೈದು ಸೂರ್ಯರ ತೂಕದ್ದಾದರೆ
ಎಪ್ಪತ್ತು ಲಕ್ಷ ವರ್ಷಕ್ಕೆ ಸಾಕು.
ಅದರ ಬೂದಿ ಹೀಲಿಯಂ; ಬೂದಿಯೇ ಮತ್ತೆ ಸೌದೆ,
ಏಳು ಲಕ್ಷ ವರ್ಷ.
ಅದರ ಬೂದಿ ಇಂಗಾಲ, ಆರುನೂರು ವರ್ಷವೇನೋ.
ಆಮೇಲೆ ನಿಯಾನ್ ಒಂದು ವರ್ಷ, ಆಮ್ಲಜನಕ ಅರ್ಧ ವರ್ಷ,
ಸಿಲಿಕಾನ್, ಕೇಳಿ,
ಒಂದೇ ಒಂದು ದಿನ.

‘ಹಸಿವು ಹೆಚ್ಚಿ ಊಟ ಕಡಿಮೆಯಾದ ಮನೆ,’
ಎಂದಳು ಬೇಕರಿಯ ಮೆಲೆರಿ.

ಹೌದು. ಆ ಒಂದು ದಿನದ ಬೂದಿಯೇ
ಕಬ್ಬಿಣ, ಎಂದೆ.

ಈ ಊರಲ್ಲಿ ಆ ಮಾತು ಹಗುರವಾಗಿ ಆಡುವಂತಿಲ್ಲ.
ಕುರ್ಚಿಯೊಂದು ಕಿರ್ರೆಂದಿತು.
ಇಲ್ಲಿಯತನಕ, ಎರಡನ್ನು ಬೆಸೆದರೆ ಶಾಖ ಲಾಭ;
ಕಬ್ಬಿಣ ಬೆಸೆಯಹೋದರೆ ಕೈಯಿಂದ ಹಾಕಬೇಕು.
ನಕ್ಷತ್ರದ ಕೈಯಲ್ಲಿ ಅಷ್ಟಿಲ್ಲ.
ನಮ್ಮಲ್ಲೊಂದು ಮಾತಿದೆ, ಕಬ್ಬಿಣದ ಕಡಲೆ:
ಅಗಿದರೆ ಹಲ್ಲಿಲ್ಲ, ನುಂಗಿದರೆ ಹೊಟ್ಟೆಯಿಲ್ಲ.

ಇಡ್ವಾಲ್ ಎರಡು ಸಲ ಹೇಳಿಸಿಕೊಂಡ.
‘ಕಬಿನದ ಕದಲೆ.’ ನಾಲಿಗೆ ಮಡಚಲಿಲ್ಲ,
ಅರ್ಥ ಮಾತ್ರ ಮೊದಲೇ ಗೊತ್ತಿದ್ದಂತಿತ್ತು.

ಮುಂದಿನದಕ್ಕೆ ನಾನು ಹಗ್ಗ ಹರಿದ ಲಿಫ್ಟಿನ
ಚಿತ್ರ ಬರೆದು ತಂದಿದ್ದೆ. ಅವನೇ ಎದ್ದುನಿಂತ.
‘ಕುಲುಮೆಯಲ್ಲಿ ಕೆಲವು ಸಲ ಸರಕು ಮೇಲೆ ನೇತುಬೀಳುತ್ತದೆ,
ಕೆಳಗೆಲ್ಲ ಟೊಳ್ಳು. ಆಗ ಒಂದು ಕ್ಷಣ
ಕಾಲಡಿಯ ನೆಲಕ್ಕೆ ತಿಳಿದುಬಿಡುತ್ತದೆ.
ಆಮೇಲೆ ಇಡೀ ರಾಶಿ ಒಟ್ಟಿಗೇ.’
ಅಂಗೈಯನ್ನು ಮೇಜಿಗೆ ಬಡಿದ.

ನಾನು ಚಿತ್ರವನ್ನು ಮಡಚಿಟ್ಟೆ.

ಹಾಗೆಯೇ, ಎಂದೆ. ಭೂಮಿಯಷ್ಟಗಲದ ಕಬ್ಬಿಣದ ತಿರುಳು,
ಒಂದು ಸೂರ್ಯನಿಗಿಂತ ಭಾರ,
ಒಂದು ಸೆಕೆಂಡೊಳಗೆ ಕುಸಿಯುತ್ತದೆ.
ನ್ಯೂಟ್ರಾನುಗಳು ಹೆಗಲಿಗೆ ಹೆಗಲು ಕೊಟ್ಟು
ಕೊನೆಯ ಊರುಗೋಲಾಗುತ್ತವೆ.
ಮೇಲಿಂದ ಸುರಿಯುವುದು ನಿಲ್ಲದೆ
ರಾಶಿ ಮೂರು ಸೂರ್ಯರ ತೂಕ ದಾಟಿತೋ,
ಅದೂ ಲಟಕ್ಕೆಂದು ಮುರಿಯಿತು.
ಅದರ ಕೆಳಗೆ ಊರುಗೋಲಿಲ್ಲ.
ನಮಗೆ ಗೊತ್ತಿರುವ ಯಾವ ನೆಲವೂ ಇಲ್ಲ.

ಕಪ್ಪುಕುಳಿ ಅನ್ನುತ್ತಾರೆ, ಆದರೆ ಅದು ಯಾರೂ ತೋಡಿದ ಕುಳಿಯಲ್ಲ.
ಒಂದು ಗೆರೆ, ಅಷ್ಟೆ.
ದಾಟಿದ ಮೇಲೆ ಮರಳಲು ಬೇಕಾದ ಓಟ
ಬೆಳಕಿನ ಕಾಲಿಗೂ ಇಲ್ಲ.
ನಟ್ಟನಡುವಿನಿಂದ ಆ ಗೆರೆಗೆ
ಇಲ್ಲಿಂದ ಸ್ವಾನ್ಸೀಗೆ ಎಷ್ಟೋ ಹೆಚ್ಚುಕಡಿಮೆ ಅಷ್ಟು ದೂರ.

‘ನಮ್ಮ ಸೂರ್ಯ?’ ಮೆಲೆರಿಗೆ ನಾಳೆಯ ಹಿಟ್ಟಿನ ಚಿಂತೆಯಂತೆ.
ಇಲ್ಲ, ಬಡವ. ಕಬ್ಬಿಣದವರೆಗೂ ಹೋಗಲಾರ.
ಕೆಂಡವಾಗಿ ಉಳಿದು ಮೆಲ್ಲನೆ ತಣಿಯುತ್ತಾನೆ.
ಅವನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ
ಭೂಮಿಯನ್ನೇನೂ ಅದು ಎಳೆದು ನುಂಗದು;
ಭೂಮಿ ಅದೇ ದಾರಿಯಲ್ಲಿ ಸುತ್ತುತ್ತಿರುತ್ತದೆ,
ಕತ್ತಲಲ್ಲಿ, ಚಳಿಯಲ್ಲಿ, ಮುನ್ನೂರ ಅರವತ್ತೈದು ದಿನಕ್ಕೊಮ್ಮೆ.

ಸದ್ದು ಆಗುತ್ತದೆಯೇ ಎಂದು ಯಾರೋ ಕೇಳಿದರು.
ಕೆಲವು ಸಿಡಿಯುತ್ತವೆ, ಕೆಲವು
ಸುಮ್ಮನೆ ಕಾಣದಾಗುತ್ತವೆ, ಎನ್ನುವಷ್ಟರಲ್ಲಿ ಇಡ್ವಾಲ್:
‘ನಮ್ಮದನ್ನು ಆರಿಸಿದ ದಿನ ಜನ ಫೋನು ಹಿಡಿದು
ಬೇಲಿಗೆ ಒರಗಿದ್ದರು.
ಚಿತ್ರ ತೆಗೆಯುವಂಥದ್ದೇನೂ ಆಗಲಿಲ್ಲ.’

ಎಂಟಕ್ಕೆ ಲೈಬ್ರರಿಯವರು ದೀಪ ಆರಿಸಿದರು.
ಬಸ್ಸಿನಲ್ಲಿ ನಾವಿಬ್ಬರೇ.
ಕಾರ್ಖಾನೆಯ ಗೇಟಿಗೆ ಸುತ್ತುಹಾಕಿ ಬಸ್ಸು ನಿಂತಿತು,
ಬಾಗಿಲು ತೆರೆಯಿತು, ಮಳೆ ಒಳಗೆ ಇಣುಕಿತು,
ಯಾರೂ ಇಳಿಯಲಿಲ್ಲ.
ಡ್ರೈವರ್ ಗಡಿಯಾರ ನೋಡಿ, ಲೆಕ್ಕದಂತೆ ಎರಡು ನಿಮಿಷ
ಕಾದ.