ಶಿಷ್ಟ

ಡೊಂಬಿವಲಿಯ ಏಳು ಐವತ್ತೆರಡರ ಫಾಸ್ಟ್,
ಹೆಂಗಸರ ಡಬ್ಬಿ, ಬಾಗಿಲಿಂದ ಮೂರನೆಯ ಬೆಂಚು.
ಹನ್ನೊಂದು ವರ್ಷ.
ಮನೀಷಾ ತಾಂಡೇಲಳ ಮಗನ ಹಲ್ಲಿಗೆ ಕಟ್ಟಿಸಿದ ತಂತಿ,
ಶೋಭನಾತಾಯಿಯ ಗಂಡ ಬಿಟ್ಟು ಮತ್ತೆ ಹಿಡಿದ ತಂಬಾಕು,
ಯಾರ ಮನೆಯ ಮಿಕ್ಸಿ ಯಾವತ್ತು ಸುಟ್ಟಿತು,
ಎಲ್ಲ ನನಗೆ ಗೊತ್ತು.
ನನ್ನ ಬಗ್ಗೆ ಅವರಿಗೆ ಗೊತ್ತಿದ್ದದ್ದು
ಇಳಿಯುವ ಸ್ಟೇಶನ್ ಒಂದೇ: ದಾದರ್.

ಅವರು ನನ್ನನ್ನು 'ಶಿಷ್ಟ' ಅಂದಾಗ
ಮೊದಲ ವಾರ ಒಳಗೊಳಗೇ ಹಿಗ್ಗಿದ್ದೆ.
ನಮ್ಮಲ್ಲಿ ಅದು ಹೊಗಳಿಕೆ.
ಮರಾಠಿಯಲ್ಲಿ ಸೊಕ್ಕಿನವಳು ಅಂತರ್ಥ ಎಂದು
ವಾರ್ಡ್‌ಬಾಯ್ ಹೇಳಿದ, ಚಹಾ ಆರಿಸಿಕೊಳ್ಳುತ್ತ.
ಅದೇ ಪದ, ಬೆಳಗಾವಿ ದಾಟುವಷ್ಟರಲ್ಲಿ
ಮುಖ ತಿರುಗಿಸಿಕೊಂಡಿತ್ತು.

ಹೇಳಬಹುದಿತ್ತು, ಹಾಗಲ್ಲ ಅಂತ.
ದಿವಾದಲ್ಲಿ ವಾಕ್ಯ ಕಟ್ಟಲು ಕೂತರೆ
ಕರ್ತೃ, ಕರ್ಮ ಒಟ್ಟುಗೂಡಿ
ಕ್ರಿಯಾಪದ ಸಿಗುವಷ್ಟರಲ್ಲಿ ಠಾಣೆ;
ಮಾತು ಆಗಲೇ ಮಿಕ್ಸಿಯಿಂದ ಮಾವಿನ ದರಕ್ಕೆ
ಜಿಗಿದಾಗಿರುತ್ತಿತ್ತು.

ದಸರೆಗೆ ಡಬ್ಬಿಗೆಲ್ಲ ಚೆಂಡುಹೂ, ಪೇಢೆ, ಅಂತ್ಯಾಕ್ಷರಿ.
ನನ್ನ ಸರದಿ ಬಂದರೆ
ಎಲ್ಲರಿಗೂ 'ಣ' ಬಂದ ಹಾಗೆ.

ಆಗಿನ್ನೂ ಫಾಸ್ಟ್ ಗಾಡಿ ಪಾರಸಿಕ್ ಸುರಂಗದೊಳಗೇ ಹೋಗುತ್ತಿತ್ತು.
ಆ ಒಂದೆರಡು ನಿಮಿಷ
ಬಾಯಿಗಳು ಆಡುತ್ತಿದ್ದವು, ಮಾತು ಕೇಳುತ್ತಿರಲಿಲ್ಲ.
ಅಷ್ಟು ಹೊತ್ತು ಇಡೀ ಡಬ್ಬಿ ನನ್ನ ಬಳಗ.

ಪರೇಲಿನ ಆಸ್ಪತ್ರೆಯಲ್ಲಿ ನನ್ನದು ಕಿವಿ ಪರೀಕ್ಷೆಯ ಕೆಲಸ.
ಗಾಜಿನ ಕಿಟಕಿಯ ಪುಟ್ಟ ಕೋಣೆ, ದಪ್ಪ ಬಾಗಿಲು.
'ಕೇಳಿಸಿದರೆ ಗುಂಡಿ ಒತ್ತಿ'
ದಿನಕ್ಕೆ ನಲವತ್ತು ಸಲ, ನಾಲ್ಕು ಭಾಷೆಯಲ್ಲಿ ಹೇಳುತ್ತೇನೆ.
ಮೂಗಬಸವಿ ಅನ್ನುವ ಅಮ್ಮ ಒಮ್ಮೆ ಬಂದು ನೋಡಬೇಕು.
ಮಧ್ಯಾಹ್ನ ಯಾರೂ ಇಲ್ಲದಾಗ ಒಳಗೆ ಕೂತು
ಡಬ್ಬಿ ಬಿಚ್ಚುತ್ತೇನೆ.
ನನ್ನದೇ ಚಪಾತಿ ಅಗಿಯುವ ಸದ್ದು.
ದುಃಖವಲ್ಲ ಅದು. ಉಪ್ಪಿನಕಾಯಿ ಚೆನ್ನಾಗಿರುತ್ತದೆ.

ಜುಲೈಯ ಒಂದು ಮಂಗಳವಾರ
ಟೋಕನ್ ಹದಿನೇಳು: ಉಜ್ವಲಾ ಗಾವಡೆ.
ನಮ್ಮ ಬೆಂಚಿನವಳೇ, ಎಲ್ಲರಿಗಿಂತ ಗಟ್ಟಿ ದನಿ.
ಮನಸ್ಸಿನಲ್ಲೇ ನಾನವಳಿಗೆ 'ಭೋಂಗಾ' ಅಂತ ಹೆಸರಿಟ್ಟು
ಎಷ್ಟೋ ವರ್ಷವಾಗಿತ್ತು.

ಬಾಗಿಲು ಹಾಕಿದೆ.
ಎಡಗಿವಿಗೆ ನಲವತ್ತು, ಐವತ್ತು, ಅರವತ್ತು.
ಗುಂಡಿಯ ಮೇಲೆ ಹೆಬ್ಬೆರಳು ಕಾದೇ ಇತ್ತು.
ಗಾಜಿನಾಚೆ ಅವಳು ನಗುತ್ತಿದ್ದಳು, ಅಭ್ಯಾಸಕ್ಕೆ;
ಎಪ್ಪತ್ತಕ್ಕೆ ನಗುವುದನ್ನು ನಿಲ್ಲಿಸಿದಳು.

ಹೊರಗೆ ಬಂದು ಸೆರಗು ಸರಿಮಾಡಿಕೊಂಡು
'ಯಾರಾದರೂ ಏನಾದರೂ ಕೇಳಿ
ನನಗದು ಕೇಳಿಸದೆ ಹೋದರೆ ಅಂತ ಹೆದರಿ
ನಾನೇ ಮಾತಾಡ್ತಾ ಇರ್ತೀನಿ, ಬಿಡದೆ' ಅಂದಳು.
'ನೀನು ಹೇಗಿರ್ತೀಯೇ ಆ ಕೋಣೆಯಲ್ಲಿ?'

ಉತ್ತರ ನನ್ನಲ್ಲಿತ್ತು. ಕ್ರಿಯಾಪದ ಸಿಗಲಿಲ್ಲ.
ಕಾಗದಕ್ಕೆ ಠಸ್ಸೆ ಒತ್ತಿ ಕೊಟ್ಟೆ.

ಮರುದಿನ ಏಳು ಐವತ್ತೆರಡು.
ಯಾರಿಗೂ ಏನೂ ಹೇಳಲಿಲ್ಲ ಅವಳು, ನಾನೂ.
ಶೋಭನಾತಾಯಿಯನ್ನು ಸರಿಸಿ
ನನ್ನ ಎಡಕ್ಕೆ ಬಂದು ಕೂತಳು,
ಅವಳ ಒಳ್ಳೆಯ ಕಿವಿ ನನ್ನ ಕಡೆಗೆ.
ಸುರಂಗ ಬಂತು, ಹೋಯಿತು.
ಠಾಣೆ. ಘಾಟ್ಕೋಪರ್. ಕುರ್ಲಾ.
ಇಬ್ಬರೂ ಕಿಟಕಿಯಾಚೆಯ ಪಾಲಕ್ ಮಡಿ ನೋಡಿದೆವು.

ದಾದರಿನಲ್ಲಿ ಏಳುವಾಗ
ನನ್ನ ಚೀಲದ ಪಟ್ಟಿ ಭುಜಕ್ಕೇರಿಸುತ್ತ
'ಶಿಷ್ಟ' ಅಂದಳು, ಮೆಲ್ಲಗೆ.
ಯಾವ ಭಾಷೆಯಲ್ಲಿ ಅಂತ
ನಾನು ಕೇಳಲಿಲ್ಲ.